ಸೇವೆಯ ಸಂತೋಷ: ಮೊಲೊಕೈ ದ್ವೀಪದ ಡೇಮಿಯನ್ ಪಾದ್ರಿಗಳ ಸಾಕ್ಷ್ಯ

ಪರಸೇವೆಯಲ್ಲಿ ಆನಂದವಿದೆಯೆಂಬ ನಂಬಿಕೆ ಕ್ರೈಸ್ತಧರ್ಮದಷ್ಟೇ ಹಳೆಯದು. ಸಂತರ ಚರಿತ್ರೆಗಳನ್ನು ಬರೆದ ಭಕ್ತರು ಅದನ್ನು ಸಂದೇಹಿಸಿದವರಲ್ಲ. ಇತಿಹಾಸದ ಅಭ್ಯಾಸಿಗಳಾದ ನಾವಾದರೋ ಬೇರೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಒಬ್ಬನ ಅಂತರಂಗದ ಸಂತೋಷಕ್ಕೆ ಆಧಾರವೇನು? ಅವನು ತನ್ನವರಿಗೆ ಬರೆದ ಕಾಗದಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಹವಾಯಿಯ ಡೇಮಿಯನ್ ಪಾದ್ರಿಗಳ ಜೀವನ ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿದೆ.

ಹವಾಯಿ ರಾಜ್ಯವು ಕುಷ್ಠರೋಗದ ಹರಡುವಿಕೆಯನ್ನು ತಡೆಯಲು 1865ರಲ್ಲಿ ಕಾನೂನೊಂದನ್ನು ಮಾಡಿ, 1866ರ ಜನವರಿಯಿಂದ ರೋಗಿಗಳನ್ನು ಮೊಲೊಕೈ ದ್ವೀಪಕ್ಕೆ ಕಳುಹಿಸತೊಡಗಿತು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಪರ್ವತ. ಅಲ್ಲಿಗೆ ಹೋದವರು ಮನೆಗೆ ಮರಳುವ ಆಸೆಯನ್ನು ತೊರೆಯಬೇಕಾಗಿತ್ತು.

ಡೇಮಿಯನ್ನರ ಪೂರ್ವದ ಹೆಸರು ಜೋಸೆಫ್ ದ ವ್ಯೂಸ್ಟರ್. ಜನನ 1840ರಲ್ಲಿ, ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದಲ್ಲಿ. ಹವಾಯಿಗೆ ಹೊರಡಬೇಕಾಗಿದ್ದ ಅಣ್ಣನು ಕಾಯಿಲೆ ಬಿದ್ದುದರಿಂದ ಅವನ ಬದಲು ಇವರು ಹೊರಟು, 1864ರಲ್ಲಿ ಹೊನೊಲುಲು ಸೇರಿದರು. ಮೊಲೊಕೈಗೆ ಪಾದ್ರಿಗಳು ಸರದಿಯಂತೆ ಹೋಗಬೇಕೆಂಬುದು ಮೊದಲಿನ ಏರ್ಪಾಡು. 1873ರ ಮೇ 10ರಂದು ಅಲ್ಲಿಗೆ ತಲುಪಿದ ಡೇಮಿಯನ್ನರು ಮಾತ್ರ ಅಲ್ಲಿಯೇ ಉಳಿಯಲು ಅನುಮತಿ ಬೇಡಿದರು. ಗಾಯಗಳಿಗೆ ಪಟ್ಟಿ ಕಟ್ಟುವುದು, ಮನೆ ಕಟ್ಟುವುದು, ನೀರಿನ ಕೊಳವೆ ಹಾಕಿಸುವುದು, ಅನಾಥ ಮಕ್ಕಳನ್ನು ಸಾಕುವುದು, ಶವಪೆಟ್ಟಿಗೆ ಮಾಡಿ ಗೋರಿ ತೋಡುವುದು, ಇವೆಲ್ಲ ಅವರ ದಿನಚರಿಯಾದವು.

ಈ ಕೆಲಸಗಳಲ್ಲಿ ತಾವು ಸುಖಿಯೆಂದು ಅವರು ತಮ್ಮ ಕಾಗದಗಳಲ್ಲಿ ಬರೆದಿದ್ದಾರೆ. ಊರಿನವರನ್ನು ಸಮಾಧಾನಪಡಿಸಲು ಬರೆದ ಮಾತಿದೆಂದು ಶಂಕಿಸುವುದು ಸಹಜ. ಆದರೆ ತಮ್ಮ ಒಂಟಿತನವನ್ನೂ, ಮೇಲಧಿಕಾರಿಗಳೊಡನೆ ಬಂದ ಮನಸ್ತಾಪವನ್ನೂ ಅವರು ಮುಚ್ಚಿಟ್ಟವರಲ್ಲ. ದುಃಖವನ್ನು ಹೇಳಲು ಅಂಜದವನು ಸಂತೋಷವನ್ನು ಹೇಳಿದಾಗ ಅದಕ್ಕೆ ಬೆಲೆಯುಂಟು.

ಇದಕ್ಕಿಂತ ಬಲವಾದ ಆಧಾರ ಇನ್ನೊಂದಿದೆ. ಉಪದೇಶ ಮಾಡುವಾಗ ರೋಗಿಗಳನ್ನು ಬೇರೆಯವರಂತೆ ಕಾಣದೆ, 'ಕುಷ್ಠರೋಗಿಗಳಾದ ನಾವು' ಎಂಬ ಅರ್ಥದ ಮಾತನ್ನು ತಾವು ಬಳಸುವುದಾಗಿ ಅವರು 1873ರಲ್ಲಿಯೇ ಅಣ್ಣನಿಗೆ ಬರೆದರು. ಆಗ ಅವರ ದೇಹ ಆರೋಗ್ಯವಾಗಿತ್ತು. 1884ರ ಡಿಸೆಂಬರಿನಲ್ಲಿ ಸುಡುನೀರಿನಲ್ಲಿಟ್ಟ ಪಾದಕ್ಕೆ ನೋವು ತಿಳಿಯದಿದ್ದಾಗ ರೋಗ ತಗುಲಿದುದು ಸ್ಪಷ್ಟವಾಯಿತು. 'ನಾವು' ಎಂಬ ಮಾತು ರೋಗಕ್ಕಿಂತ ಹನ್ನೊಂದು ವರ್ಷ ಹಿಂದಿನದು. ಆಪತ್ತು ಬಂದ ಮೇಲೆ ಹುಡುಕಿಕೊಂಡ ಸಮಾಧಾನವಲ್ಲ. ರೋಗ ತಿಳಿದ ಮೇಲೆಯೂ ತಮ್ಮಷ್ಟು ಸುಖಿಯಾದ ಮಿಷನರಿ ಇಲ್ಲವೆಂದು ಬರೆದ ಅವರು, ಕೊನೆಯವರೆಗೆ ದುಡಿದು 1889ರ ಏಪ್ರಿಲ್ 15ರಂದು ತೀರಿಕೊಂಡರು.

ನಿಂದೆಯೂ ಇಲ್ಲದಿರಲಿಲ್ಲ. ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಹೈಡ್ ಅವರು ಡೇಮಿಯನ್ನರನ್ನು ಒರಟರೆಂದೂ ಹಟಮಾರಿಗಳೆಂದೂ ಬರೆದರು. 1889ರಲ್ಲಿ ಮೊಲೊಕೈಯನ್ನು ಕಣ್ಣಾರೆ ಕಂಡಿದ್ದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ನರು 1890ರಲ್ಲಿ ಬಹಿರಂಗಪತ್ರದಿಂದ ಉತ್ತರವಿತ್ತರು. ಡೇಮಿಯನ್ನರ ದೋಷಗಳನ್ನು ಅಲ್ಲಗಳೆಯದೆಯೇ ಅವರನ್ನು ಸಮರ್ಥಿಸಿದುದು ಆ ಪತ್ರದ ವಿಶೇಷ. ಸೇವೆಗೆ ನಿರ್ದೋಷಿಯೇ ಬೇಕೆಂಬ ನಿಯಮವಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಪಾದ್ರಿಗಳ ಸಂತೋಷದಿಂದ ಆ ಕಾನೂನು ನ್ಯಾಯವಾಗುವುದಿಲ್ಲ. ತಾಯಿಮಕ್ಕಳನ್ನು ಅಗಲಿಸಿದ ಆ ಪ್ರತ್ಯೇಕತೆ 1969ರವರೆಗೆ ನಡೆಯಿತು. ಎರಡನೆಯದಾಗಿ, ಸೇವೆ ಒಬ್ಬರದೇ ಆಗಿರಲಿಲ್ಲ. ರೋಗಿಗಳ ಸಂಗಡ ತಾವಾಗಿಯೇ ಹೋದ ಹವಾಯಿಯ ಬಂಧುಗಳಿದ್ದರು. ಕಟ್ಟಡದ ಕೆಲಸಗಳಲ್ಲಿ ರೋಗಿಗಳೂ ಕೈಗೂಡಿಸಿದರು. ಇವರನ್ನು ಕಥೆಯ ಹಿನ್ನೆಲೆಗೆ ಸರಿಸುವುದು ಇತಿಹಾಸಕ್ಕೆ ಸಲ್ಲದು.

ರೋಮಿನ ಧರ್ಮಸಭೆ 2009ರಲ್ಲಿ ಡೇಮಿಯನ್ನರನ್ನು ಸಂತರೆಂದು ಘೋಷಿಸಿತು. ಅದು ಶ್ರದ್ಧೆಯ ತೀರ್ಮಾನ. ಆಧಾರಗಳಿಂದ ನಾವು ಹೇಳಬಹುದಾದುದು ಇಷ್ಟು: ಅವರ ಸಂತೋಷ ಕಷ್ಟವಿಲ್ಲದ್ದರಿಂದ ಬಂದುದಲ್ಲ, ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭೇದ ಅಳಿದುದರಿಂದ ಬಂದುದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲಿ ಸ್ಥಾಪಿಸಿದ ಕುಷ್ಠರೋಗಿಗಳ ಆಶ್ರಯವೇ ಮೊದಲಾಗಿ ನಮ್ಮ ನಾಡಿನ ಸೇವಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಕಟ್ಟಡಗಳನ್ನೂ ದಾನಿಗಳನ್ನೂ ಎಣಿಸಿದರೆ ಸಾಲದು. ಸೇವಕರೂ ಸೇವಿತರೂ ಕೂಡಿ 'ನಾವು' ಎಂದ ಗಳಿಗೆಗಳು ಎಲ್ಲಿ ದೊರೆಯುತ್ತವೆಯೆಂದು ಅವರು ದಾಖಲೆಗಳಲ್ಲಿ ಹುಡುಕಬೇಕು.