ಟ್ಯಾಂಕಿನಲ್ಲಿ 60, ನಲ್ಲಿಯಲ್ಲಿ 45: ಬಿಸಿನೀರಿನ ಜಗಳ ಬಿಡಿಸಿದ ಪುಟ್ಟ ವಾಲ್ವ್

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಚರಿತ್ರೆ ಯಾವುದೇ ರಾಜನ ಅರಮನೆಯದ್ದಲ್ಲ, ಬಚ್ಚಲುಮನೆಯದ್ದು.

ಅಜ್ಜಿ ಮನೆಯ ಹಂಡೆ ನೆನಪಿದೆಯಲ್ವಾ? ಒಲೆ ಉರಿಸಿ ನೀರು ಕಾಯಿಸೋದು, ತಂಬಿಗೆಯಲ್ಲಿ ತೋಡಿ ಬಕೆಟ್‌ಗೆ ಹಾಕೋದು, ತಣ್ಣೀರು ಬೆರೆಸೋದು, ಕೈ ಅದ್ದಿ ಹದ ನೋಡೋದು. ಆಮೇಲೇನೇ ಮಗುವಿನ ಮೈಮೇಲೆ ನೀರು. ಅಂದ್ರೆ ಕಾದ ನೀರಿಗೂ ಮಗುವಿನ ಚರ್ಮಕ್ಕೂ ನಡುವೆ ಒಂದು ಕೈ ಇರ್ತಿತ್ತು. ಪೈಪಿನಲ್ಲಿ ಬಿಸಿನೀರು ಬಂದ ಮೇಲೆ ಆ ಕೈ ಇಲ್ಲವಾಯ್ತು.

1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಅನ್ನೋರು ಗ್ಯಾಸ್ ಉರಿಯಿಂದ ಸ್ನಾನದ ನೀರು ಕಾಯಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನೇ ಅದಕ್ಕೆ ಇಟ್ಟರು: ಗೀಸರ್. ಹೌದು, ನಾವು ದಿನಾ ಬೆಳಗ್ಗೆ "ಗೀಸರ್ ಆನ್ ಮಾಡು" ಅಂತೀವಲ್ಲ, ಅದೇ ಪದ. 1889ರಲ್ಲಿ ಅಮೆರಿಕದಲ್ಲಿ ನಾರ್ವೆ ಮೂಲದ ಎಡ್ವಿನ್ ರೂಡ್ ತಾನಾಗೇ ಕಾಯುವ ಟ್ಯಾಂಕ್ ಹೀಟರ್ ರೂಪಿಸಿದರು. ಮುಂದಿನ ದಶಕಗಳಲ್ಲಿ ಪಶ್ಚಿಮ ದೇಶಗಳ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಸಾಕು, ಬಿಸಿನೀರು. ಆದರೆ ಎಷ್ಟು ಬಿಸಿ?

ಈ ಪ್ರಶ್ನೆಗೆ 1947ರಲ್ಲಿ ಹಾರ್ವರ್ಡ್‌ನ ಮಾರಿಟ್ಜ್ ಮತ್ತು ಹೆನ್ರಿಕ್ಸ್ ಅಂಕಿಗಳಲ್ಲಿ ಉತ್ತರ ಕೊಟ್ಟರು. 60 ಡಿಗ್ರಿ ಸೆಲ್ಸಿಯಸ್ ನೀರು ವಯಸ್ಕರ ಚರ್ಮವನ್ನು ಆಳವಾಗಿ ಸುಡೋಕೆ ಸುಮಾರು 5 ಸೆಕೆಂಡ್ ಸಾಕು. 49 ಡಿಗ್ರಿಯಾದರೆ ಹತ್ತಿರ ಹತ್ತಿರ 10 ನಿಮಿಷ ಬೇಕು. ವ್ಯತ್ಯಾಸ ಬರೀ 11 ಡಿಗ್ರಿ. ಆದರೆ ಒಂದು ಕಡೆ ಕಿರುಚಿ ಕೈ ಎಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಇನ್ನೊಂದು ಕಡೆ ಅಮ್ಮ ಓಡಿ ಬರೋಕೆ ಸಮಯ ಸಿಗುತ್ತೆ. ಪುಟ್ಟ ಮಕ್ಕಳ ಚರ್ಮ ತೆಳು. ಇನ್ನೂ ಬೇಗ ಸುಡುತ್ತೆ.

1977ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಮಕ್ಕಳ ವೈದ್ಯ ಕೆನೆತ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಮನೆಗಳ ನಲ್ಲಿ ನೀರನ್ನು ಅಳೆದರು. ಸರಾಸರಿ 61 ಡಿಗ್ರಿ! 1983ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ತಂದಿತು: ಹೊಸ ಹೀಟರ್‌ಗಳು 49 ಡಿಗ್ರಿಗೆ ಹೊಂದಿಸಿಯೇ ಬರಬೇಕು. 1988ರಲ್ಲಿ ಮತ್ತೆ ಅಳೆದಾಗ ಸರಾಸರಿ 50ಕ್ಕೆ ಇಳಿದಿತ್ತು. ಸುಟ್ಟುಕೊಂಡು ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆಯೂ ಇಳಿದಿತ್ತು.

ಕಥೆ ಇಲ್ಲಿಗೆ ಸುಖಾಂತ್ಯ ಅಂದ್ಕೊಂಡ್ರಾ? ಇಲ್ಲ.

ಅದೇ ವರ್ಷಗಳಲ್ಲಿ ಇನ್ನೊಂದು ಪತ್ತೇದಾರಿ ನಡೀತಿತ್ತು. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಂಘ 'ಅಮೆರಿಕನ್ ಲೀಜನ್' ಸಮಾವೇಶ ನಡೆಸಿತು. ಅದಾದ ಮೇಲೆ 200ಕ್ಕೂ ಹೆಚ್ಚು ಜನ ವಿಚಿತ್ರ ನ್ಯುಮೋನಿಯಾಕ್ಕೆ ಬಿದ್ದರು, 34 ಜನ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿದ್ದು ತಿಂಗಳುಗಳ ನಂತರ. ಅದಕ್ಕೆ ಲೀಜಿಯೊನೆಲ್ಲಾ ಅಂತ ಹೆಸರಾಯ್ತು. ಅಲ್ಲಿ ಅನುಮಾನ ಬಿದ್ದಿದ್ದು ಹವಾನಿಯಂತ್ರಣದ ಮೇಲೆ. ಆದರೆ 1980ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಕಿಡ್ನಿ ಕಸಿ ಘಟಕವೊಂದರ ಶವರ್‌ಗಳಲ್ಲೇ ಅದು ಸಿಕ್ಕಿತು. ಈ ಜೀವಿಗೆ 20ರಿಂದ 45 ಡಿಗ್ರಿ ನೀರು ಅಂದ್ರೆ ಹಬ್ಬ. 50 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬದುಕುತ್ತೆ. 60ರಲ್ಲಿ ನಿಮಿಷಗಳಲ್ಲಿ ಸಾಯುತ್ತೆ.

ಈಗ ನೋಡಿ ಪೇಚು. ಮಕ್ಕಳ ಡಾಕ್ಟರ್ "ನೀರು ತಣ್ಣಗೆ ಮಾಡಿ" ಅಂತಾರೆ. ಸೂಕ್ಷ್ಮಜೀವಿ ತಜ್ಞರು "60ಕ್ಕಿಂತ ಇಳಿಸಬೇಡಿ" ಅಂತಾರೆ. ಇಬ್ಬರೂ ಸರಿ!

ಜಗಳ ಬಿಡಿಸಿದ್ದು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್. ಬಾಯ್ಲರ್ ಟ್ಯಾಂಕಿನಲ್ಲಿ ನೀರು 60 ಡಿಗ್ರಿಯಲ್ಲೇ ಇರಲಿ, ನಲ್ಲಿಯ ಹತ್ತಿರ ಬಂದಾಗ ತಣ್ಣೀರು ಬೆರೆಯಲಿ. ಬಹುತೇಕ ವಾಲ್ವ್‌ಗಳ ಹೊಟ್ಟೆಯಲ್ಲಿ ಮೇಣ ತುಂಬಿದ ಒಂದು ಪುಟ್ಟ ಡಬ್ಬಿ ಇರುತ್ತೆ. ನೀರು ಬಿಸಿಯಾದರೆ ಮೇಣ ಹಿಗ್ಗಿ ಪಿಸ್ಟನ್ ತಳ್ಳುತ್ತೆ, ಬಿಸಿನೀರಿನ ದಾರಿ ಕಿರಿದಾಗುತ್ತೆ. ತಣ್ಣಗಾದರೆ ಉಲ್ಟಾ. ಕರೆಂಟ್ ಬೇಡ. ಈ ಮೇಣದ ಉಪಾಯವನ್ನು 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ರೂಪಿಸಿದ್ದರು. ಅದು ಕಾರ್ ಎಂಜಿನ್ನಿನ ಬಿಸಿ ಹತೋಟಿಗೂ ಬಳಕೆಯಾಯ್ತು.

ಸ್ಕಾಟ್ಲೆಂಡ್ 2006ರಲ್ಲಿ, ಇಂಗ್ಲೆಂಡ್ 2010ರಲ್ಲಿ ಹೊಸ ಮನೆಗಳ ಸ್ನಾನದ ತೊಟ್ಟಿಗೆ ಬೀಳುವ ನೀರು 48 ಡಿಗ್ರಿ ಮೀರಬಾರದು ಅಂತ ನಿಯಮ ಮಾಡಿದವು. ಗ್ಲಾಸ್ಗೋದಲ್ಲಿ ಪುಟ್ಟ ಮಕ್ಕಳಿರುವ ಬಾಡಿಗೆ ಮನೆಗಳಲ್ಲಿ ಪ್ರಯೋಗ ನಡೆಯಿತು. ವಾಲ್ವ್ ಇಲ್ಲದ ಮನೆಗಳ ನಡುಮಟ್ಟ 56 ಡಿಗ್ರಿ, ಇದ್ದ ಮನೆಗಳದ್ದು 45. ಬದಲಾಗಿದ್ದು ಅಪ್ಪ-ಅಮ್ಮಂದಿರ ಎಚ್ಚರಿಕೆಯಲ್ಲ, ಪೈಪು.

ಆದರೆ ಕೂರಿಸುವುದರಲ್ಲೇ ಇರೋದು ಗುಟ್ಟು. ವಾಲ್ವ್ ದಾಟಿದ ಬೆಚ್ಚನೆ ನೀರು ಮತ್ತೆ ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ನೀರೇ ತಾನೇ? ಅದಕ್ಕೇ ವಾಲ್ವ್ ನಲ್ಲಿಗೆ ಆದಷ್ಟು ಹತ್ತಿರ ಇರಬೇಕು. ಎರಡೂ ಪೈಪಿಗೆ ಕಸ ತಡೆಯುವ ಜರಡಿ, ನೀರು ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಬೇಕು. ಕೊನೆಗೆ ಒಂದು ಪರೀಕ್ಷೆ: ತಣ್ಣೀರು ಪೂರ್ತಿ ಬಂದ್ ಮಾಡಿದರೆ ಬಿಸಿನೀರೂ ಕೆಲವೇ ಸೆಕೆಂಡಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಆ ವಾಲ್ವ್ ಇದ್ದೂ ಇಲ್ಲದ ಹಾಗೆ. ವರ್ಷಕ್ಕೊಮ್ಮೆ ಇದನ್ನೇ ಮತ್ತೆ ನೋಡಬೇಕು. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತೆ.

ಇದೆಲ್ಲ ನಮಗ್ಯಾಕೆ ಅಂತೀರಾ? ಬೆಂಗಳೂರಿನ ಮಹಡಿಗಳ ಮೇಲೆ ಸಾಲುಸಾಲು ಸೋಲಾರ್ ಟ್ಯಾಂಕ್‌ಗಳಿವೆ. ಒಳ್ಳೆ ಬಿಸಿಲು ಬಿದ್ದ ದಿನ ಅಲ್ಲಿನ ನೀರು 60 ಡಿಗ್ರಿ ಸುಲಭವಾಗಿ ದಾಟುತ್ತೆ. ಮುಂದಿನ ಸಲ ಪ್ಲಂಬರ್ ಬಂದಾಗ ಒಂದೇ ಪ್ರಶ್ನೆ ಕೇಳಿ: ನಮ್ಮ ಮನೆಯಲ್ಲಿ ನೀರು ಬೆರೆಸೋದು ಯಾರು, ವಾಲ್ವೋ, ನಮ್ಮ ಕೈಯೋ? ಕೈಯೇ ಅಂತಾದರೆ ಅಜ್ಜಿಯ ನಿಯಮ ಮರೀಬೇಡಿ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈ ಅದ್ದಿ ನೋಡಿ, ಕೊನೆಗೆ ಮಗು.

ಮುಂದಿನ ಕಂತಿನಲ್ಲಿ ಸಿಗೋಣ.