ಚಿನ್ನದ ಗಣಿಯ ಊರು

ಕೋಲಾರದ ಚಿನ್ನದ ಗಣಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸು ಚಿನ್ನದ ಕಡೆಗೆ ಓಡುವುದೇ ಹೊರತು ಆ ಊರಿನ ಕಡೆಗೆ ತಿರುಗುವುದಿಲ್ಲ. ಭೂಮಿಯೊಳಗಿನ ಐಶ್ವರ್ಯವೆಲ್ಲ ಮೇಲೆದ್ದು ಬಂದರೂ ಅದನ್ನು ಹೊತ್ತಿದ್ದ ಸೀಮೆಯು ಬಡವಾಗಿಯೇ ಉಳಿಯುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿ ದೊರೆಯಲಾರದು. ಆದುದರಿಂದ ಈ ದಿನ ಚಿನ್ನದ ಮಾತನ್ನು ಸ್ವಲ್ಪ ಹಿಂದಿಟ್ಟು ಊರಿನ ಮಾತನ್ನು ಆಡೋಣ.

ಆ ನೆಲದಲ್ಲಿ ಚಿನ್ನವಿರುವುದನ್ನು ಪರದೇಶದವರು ಬಂದು ಕಂಡುಹಿಡಿಯಬೇಕಾಗಿರಲಿಲ್ಲ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬುವನು ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು, ಕಲ್ಲು ಕುಟ್ಟಿ ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ವರದಿಮಾಡಿದ್ದನು. 1875ರಲ್ಲಿ ಲವೆಲ್ ಎಂಬ ನಿವೃತ್ತ ಐರಿಷ್ ಸಿಪಾಯಿಯು ಸರ್ಕಾರದವರಿಂದ ಗಣಿಯ ಹಕ್ಕನ್ನು ಪಡೆದನು. ಆದರೆ ಅವನ ಕೈಯಲ್ಲಿ ಬಂಡವಾಳವಿರಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರು ಬಂದರು. ಅವರಿಗೂ ಮೊದಲ ವರ್ಷಗಳಲ್ಲಿ ನಷ್ಟವೇ ಆಯಿತು. ಹಣವೆಲ್ಲ ಕರಗುತ್ತ ಬಂದಾಗ ಪ್ಲಮರ್ ಎಂಬ ಗಣಿಗಾರನು ಪೂರ್ವಿಕರು ತೋಡಿಬಿಟ್ಟಿದ್ದ ಹಳೆಯ ಗುಂಡಿಗಳ ಜಾಡನ್ನೇ ಹಿಡಿದು ಕೆಳಗಿಳಿದು, ಚಾಂಪಿಯನ್ ಎಂದು ಹೆಸರಾದ ಬೆಣಚುಕಲ್ಲಿನ ಎಳೆಯನ್ನು ಮುಟ್ಟಿದನು. ಹೆಸರಿಲ್ಲದ ಆ ಪೂರ್ವಿಕರಿಗೆ ಕಂಪೆನಿಯ ಷೇರುದಾರರು ಎಷ್ಟು ಋಣಿಗಳೆಂಬುದನ್ನು ಯಾರೂ ಲೆಕ್ಕಹಾಕಿದಂತಿಲ್ಲ.

ಮುಂದಿನ ಕಥೆಯಲ್ಲಿ ನಮ್ಮ ಸಂಸ್ಥಾನದ ಪಾತ್ರ ದೊಡ್ಡದು. ಯಂತ್ರಗಳೆಲ್ಲ ಉಗಿಯಿಂದ ನಡೆಯಬೇಕಾಗಿತ್ತು. ಉಗಿಗೆ ಸೌದೆ, ಕಲ್ಲಿದ್ದಲು ಬೇಕು. ಕೋಲಾರದ ಬಯಲುಸೀಮೆಯಲ್ಲಿ ಎರಡೂ ದುರ್ಲಭ. ಕಾವೇರಿಯ ಧಾರೆಯಿಂದ ಶಿವನಸಮುದ್ರದಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ 92 ಮೈಲಿ ದೂರದ ಗಣಿಗೆ ತಂತಿಯ ಮೂಲಕ ಕಳುಹಿಸುವ ಯೋಜನೆಗೆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಒಪ್ಪಿಗೆ ಕೊಟ್ಟದ್ದು ಆಗ್ಗೆ ಸಾಹಸವೇ ಸರಿ. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ನಿದರ್ಶನಗಳು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟಿದ್ದುವು. ಇಂಜಿನಿಯರ್ ಜಾಲಿ ಡಿ ಲಾಟ್ಬಿನಿಯರ್ ಅವರು ಕೆಲಸವನ್ನು ನಡೆಸಿದರು. 1902ರ ಜೂನ್ 30ರಂದು ಶಕ್ತಿಯು ಗಣಿಯನ್ನು ತಲುಪಿತು; ಹಿಂದಿನ ವರ್ಷವೇ ತೀರಿಕೊಂಡಿದ್ದ ದಿವಾನರು ಅದನ್ನು ನೋಡಲಿಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳಿಗೆ, 1905ರಲ್ಲಿ. ನಗರದಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ನಮ್ಮ ಮನೆಯ ದೀಪಕ್ಕೆ ದಾರಿಮಾಡಿಕೊಟ್ಟದ್ದು ಆ ಗಣಿ.

ಅದೇ 1905ರ ಸುಮಾರಿನಲ್ಲಿ ಚಿನ್ನದ ಉತ್ಪತ್ತಿಯೂ ಶಿಖರವನ್ನು ಮುಟ್ಟಿತು. ಆದರೆ ಲಾಭವು ಎಲ್ಲಿಗೆ ಹೋಯಿತು? ಬಂಡವಾಳ ಲಂಡನ್ನಿನದು, ಲಾಭಾಂಶವೂ ಅಲ್ಲಿಗೇ. ಸಂಸ್ಥಾನಕ್ಕೆ ರಾಜಧನ ಬಂತು, ವಿದ್ಯುತ್ತಿನ ಬೆಲೆ ಬಂತು. ಆ ಹಣ ಬೇರೆ ಬೇರೆ ಕಡೆಗಳಲ್ಲಿ ಸದ್ವಿನಿಯೋಗವಾಯಿತು. ಕೂಲಿಗಾಗಿ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ಬಡಜನರು ತಟ್ಟಿಯ ಗುಡಿಸಿಲುಗಳ ಸಾಲುಗಳಲ್ಲಿ ವಾಸಮಾಡಿದರು. ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಬೇಯುವ ಬಂಡೆಗಳ ನಡುವೆ, ಬಂಡೆಯು ಯಾವ ಗಳಿಗೆಯಲ್ಲಿ ಸಿಡಿಯುವುದೋ ಎಂಬ ಭಯದಲ್ಲಿ ದುಡಿದರು. ಕಲ್ಲಿನ ಧೂಳು ಅನೇಕರ ಶ್ವಾಸಕೋಶವನ್ನು ತಿಂದುಹಾಕಿತು. ಅಗೆದ ಚಿನ್ನವನ್ನು ಒಡವೆಯಾಗಿ ಮಾಡುವ ಕಸಬೂ ಅಲ್ಲಿ ಬೇರೂರಲಿಲ್ಲ. ಗಣಿಯ ಸುತ್ತ ಸ್ವಂತ ಕಾಲಮೇಲೆ ನಿಲ್ಲಬಲ್ಲ ಬೇರೆ ಉದ್ಯಮಗಳನ್ನು ಆ ಸಮೃದ್ಧಿಯ ಕಾಲದಲ್ಲೇ ಎಬ್ಬಿಸಬೇಕಾಗಿತ್ತು. ಎಬ್ಬಿಸದಿದ್ದುದೇ ಮುಂದಿನ ಕಷ್ಟಗಳಿಗೆಲ್ಲ ಮೂಲವೆಂಬುದು ನಮ್ಮ ಅಭಿಪ್ರಾಯ.

ಕ್ಷಯವು ಮೆಲ್ಲಮೆಲ್ಲನೆ ಬಂತು. ಮೊದಲ ದಶಕಗಳಲ್ಲಿ ಒಂದು ಟನ್ ಅದುರಿಗೆ 40 ಗ್ರಾಂ ಮೀರಿ ದೊರೆಯುತ್ತಿದ್ದ ಚಿನ್ನವು ಕಡೆಗಾಲದಲ್ಲಿ ಕೆಲವೇ ಗ್ರಾಂಗಳಿಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚೂ ಹೆಚ್ಚಿತು. 1956ರಲ್ಲಿ ಗಣಿಗಳು ರಾಷ್ಟ್ರೀಕರಣವಾದುವು. 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಹೋದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆ ರಚಿತವಾಯಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಒಟ್ಟು ಸುಮಾರು 120 ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ನೀರೆತ್ತುವ ಯಂತ್ರಗಳು ನಿಂತೊಡನೆ ಸುರಂಗಗಳಲ್ಲಿ ನೀರು ತುಂಬಿತು. ಮನೆಯ ಹಕ್ಕು, ಬಾಕಿ ಹಣ ಎಂಬ ವ್ಯಾಜ್ಯಗಳು ಮೇಲೆ ಉಳಿದುವು.

ಪುನರುಜ್ಜೀವನವೆಂದರೆ ಮತ್ತೆ ಚಿನ್ನವೇ ಎಂದು ಹೇಳುವವರುಂಟು. ಸೈನೈಡ್ ಗುಡ್ಡಗಳೆಂದು ಕರೆಯಲ್ಪಡುವ ಬಿಳಿಯ ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿಯಿದೆ. ಅದರಲ್ಲಿ ಅಲ್ಪಸ್ವಲ್ಪ ಚಿನ್ನವೂ ಇದೆ. ಚಿನ್ನದ ಬೆಲೆ ಏರಿದಾಗಲೆಲ್ಲ ಈ ಮಾತು ಏರುವುದು ಸಹಜ. ಆದರೆ ಅಂತಹ ಕೆಲಸಕ್ಕೆ ಬೇಕಾಗುವುದು ದೊಡ್ಡ ಯಂತ್ರಗಳು, ಕೆಲವೇ ಮಂದಿ. ಊರಿನ ಸಾವಿರಾರು ಯುವಕರಿಗೆ ಅದು ಅನ್ನ ಕೊಡಲಾರದು. ಇದಕ್ಕಿಂತ ಹೆಚ್ಚು ವಿಚಾರಯೋಗ್ಯವಾದುದು ಮತ್ತೊಂದು ಸಂಗತಿ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯು ಇದೇ ಊರಿನಲ್ಲಿ ನೆಲೆನಿಂತು, ಗಣಿ ಮುಚ್ಚಿದ ಮೇಲೂ ಮಣ್ಣು ಅಗೆಯುವ ಭಾರಿ ಯಂತ್ರಗಳನ್ನು ತಯಾರಿಸುತ್ತ ಬಂದಿದೆ. ಲೋಹದ ಕೆಲಸವನ್ನು ತಲೆಮಾರುಗಳಿಂದ ಬಲ್ಲ ಕೈಗಳು ಅಲ್ಲಿವೆ; ಗಣಿಗೆ ಸೇರಿದ ಸಾವಿರಾರು ಎಕರೆ ನೆಲ, ರೈಲುಮಾರ್ಗ, ವಿದ್ಯುತ್ತು ಇವೆ. ಹೊಸ ಕೈಗಾರಿಕೆಗೆ ಬೇಕಾದುದರಲ್ಲಿ ಇನ್ನೇನು ಕೊರತೆ?

ಕೊರತೆಯಾಗಿರುವುದು ನಿರ್ಣಯ. ಆ ನೆಲ ಕೇಂದ್ರದ್ದೋ ರಾಜ್ಯದ್ದೋ ಎಂಬ ಪ್ರಶ್ನೆ ಇತ್ಯರ್ಥವಾಗುವುದನ್ನು ಕಾಯುತ್ತ ಒಂದು ತಲೆಮಾರೇ ದೊಡ್ಡದಾಯಿತು. ಕಾಯಲು ಸಾಧ್ಯವಿಲ್ಲದವರು ಬೆಳಗಿನ ಜಾವದಲ್ಲೇ ಮಾರಿಕುಪ್ಪಂ ರೈಲನ್ನು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಬಂದು ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ದುಡಿದು, ಕತ್ತಲಾದ ಮೇಲೆ ಮನೆ ಸೇರುತ್ತಾರೆ.