ಕೆಜಿಎಫ್ ಕರೆಂಟಿನಿಂದ ಪ್ರೈವೇಟ್ 5ಜಿವರೆಗೆ: ಲೈನು ಯಾರದು?

 

ನಮ್ಮೂರು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಾತ ಒಂದು ಮಾತು ಹೇಳ್ತಿದ್ರು. ಅವರು ಹುಡುಗರಾಗಿದ್ದಾಗ ರಾತ್ರಿ ಊರ ಹಿಂದಿನ ಬಂಡೆ ಹತ್ತಿದ್ರೆ ದಕ್ಷಿಣದ ಕಡೆ ಆಕಾಶದ ಅಂಚು ಬೆಳ್ಳಗೆ ಕಾಣ್ತಿತ್ತಂತೆ. ಅದು ಕೆಜಿಎಫ್ ದೀಪ. ಬಂಡೆ ಇಳಿದು ಮನೆಗೆ ಬಂದ್ರೆ ಸೀಮೆಎಣ್ಣೆ ಬುಡ್ಡಿ. "ಕರೆಂಟು ಕಣ್ಣಿಗೆ ಕಾಣ್ತಿತ್ತು ಕಣೋ, ಕೈಗೆ ಸಿಗ್ತಿರ್ಲಿಲ್ಲ" ಅನ್ನೋರು.

ಈಗ ಕಾರ್ಖಾನೆಗಳಿಗೆ ಅಂತಲೇ ಬೇರೆ 5ಜಿ ನೆಟ್‌ವರ್ಕ್ ಹಾಕ್ಕೊಳ್ಳೋ ಮಾತು ಬಂದಾಗೆಲ್ಲ ನನಗೆ ಆ ಬಂಡೆ ನೆನಪಾಗುತ್ತೆ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡೋರು "ಪ್ರೈವೇಟ್ 5ಜಿ" ಅನ್ನೋ ಮಾತನ್ನ ಈಗಾಗಲೇ ಕೇಳಿರಬಹುದು. ಹೊಸ ವಿಷಯ ಅನ್ಸುತ್ತೆ. ಆದರೆ ಒಂದು ಕಂಪನಿ ತನಗೆ ಬೇಕಾದ ಲೈನನ್ನ ಹೇಗೆ ಪಡೀಬೇಕು ಅನ್ನೋ ಪ್ರಶ್ನೆ ನಮ್ಮ ಜಿಲ್ಲೆಗೆ 120 ವರ್ಷ ಹಳೇದು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿತು. ಆಗ ಯಂತ್ರ ಓಡ್ತಿದ್ದದ್ದು ಹಬೆಯಲ್ಲಿ. ಹಬೆಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಗಣಿ ಆಳಕ್ಕೆ ಇಳಿದಷ್ಟೂ ಉರುವಲಿನ ಖರ್ಚು ಮೇಲಕ್ಕೆ ಹೋಯ್ತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲು ದಾರಿ ಬಂತು. ಆದರೂ ಸೌದೆ ಲೆಕ್ಕ ಮುಗೀಲಿಲ್ಲ.

ಪರಿಹಾರ ಇದ್ದದ್ದು ದೂರದ ಶಿವನಸಮುದ್ರದಲ್ಲಿ, ಕಾವೇರಿ ಧುಮುಕೋ ಜಾಗದಲ್ಲಿ. ಮೈಸೂರು ಸಂಸ್ಥಾನದ ಇಂಜಿನಿಯರ್ ಜಾಲಿ ಡಿ ಲಾಟ್ಬಿನೇರ್ ಯೋಜನೆ ಹಾಕಿದರು, ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ಲೈನಿನ ಮೂಲಕ ಕರೆಂಟು ಕೆಜಿಎಫ್ ಮುಟ್ಟಿತು. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುತ್ ಲೈನ್‌ಗಳಲ್ಲಿ ಅದೂ ಒಂದು. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಆ ಲೈನ್ ಹಾಕಿದ್ದು ಗಣಿ ಕಂಪನಿ ಅಲ್ಲ, ಮೈಸೂರು ಸರ್ಕಾರ. ಗಣಿಗಳು ಮಾಡಿದ್ದು ಒಪ್ಪಂದ: ನೀವು ಕರೆಂಟು ತಂದುಕೊಡಿ, ನಾವು ವರ್ಷಗಟ್ಟಲೆ ಕೊಳ್ಳುತ್ತೇವೆ. ಖಾತ್ರಿ ಗಿರಾಕಿ ಸಿಕ್ಕ ಧೈರ್ಯದ ಮೇಲೆ ಸರ್ಕಾರ ದುಡ್ಡು ಹಾಕಿತು. ಲೈನ್ ಸರ್ಕಾರದ ಕೈಯಲ್ಲೇ ಉಳಿದಿದ್ದರಿಂದ ಮೂರೇ ವರ್ಷದಲ್ಲಿ, 1905ರ ಆಗಸ್ಟ್‌ನಲ್ಲಿ, ಅದೇ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹಚ್ಚಿತು. ಲೈನ್ ಗಣಿ ಕಂಪನಿಯದ್ದೇ ಆಗಿದ್ದಿದ್ರೆ ಇಷ್ಟು ಬೇಗ ಕವಲೊಡೀತಿತ್ತಾ? ನನಗೆ ಅನುಮಾನ. ನಮ್ಮ ತಾತನ ಹಳ್ಳಿಗೆ ಅದು ಬರೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು, ಅದು ಬೇರೆ ಮಾತು. ಬೇರೆ ಮಾತೂ ಅಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಈಗ 5ಜಿಗೆ ಬರೋಣ. ಮೊದಲು, ವೈಫೈ ಇರೋವಾಗ ಇದ್ಯಾಕೆ? ವೈಫೈಯಲ್ಲಿ ಫೋನು, ಸ್ಕ್ಯಾನರು, ಕ್ಯಾಮೆರಾ ಎಲ್ಲ ಒಂದೇ ಗಾಳಿಗೆ ಪೈಪೋಟಿ ಮಾಡ್ತವೆ. ಸಂತೆ ದಿನದ ಬಸ್ ಥರ, ನುಗ್ಗಿದವರಿಗೆ ಸೀಟು. 5ಜಿಯಲ್ಲಿ ಟವರೇ ಪ್ರತಿ ಸಾಧನಕ್ಕೂ ಇಂತಿಷ್ಟು ಹೊತ್ತು ಅಂತ ಸರದಿ ಕೊಡುತ್ತೆ. ಸಿಮ್ ಇಲ್ಲದ ಸಾಧನಕ್ಕೆ ಒಳಗೆ ಪ್ರವೇಶ ಇಲ್ಲ. ಡ್ರೈವರ್ ಇಲ್ಲದೆ ಸಾಮಾನು ಹೊತ್ತು ಓಡಾಡೋ ಗಾಡಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋದರೂ ಸಂಪರ್ಕ ತಪ್ಪೋದು ಕಡಿಮೆ. ಲೆಕ್ಕಾಚಾರ ಮಾಡೋ ಸರ್ವರ್ ಕಾಂಪೌಂಡ್ ಒಳಗೇ ಇಟ್ಟರೆ ಕಂಪನಿಯ ಮಾಹಿತಿ ಗೇಟು ದಾಟಬೇಕಾಗಿಲ್ಲ.

ಹಾಗಾದ್ರೆ ಒಂದು ಟವರ್ ತಂದು ನಿಲ್ಲಿಸಿದ್ರೆ ಆಯ್ತಲ್ಲ? ಆಗಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಕಾಲದಿಂದಲೂ ನಮ್ಮಲ್ಲಿ ಸಂಪರ್ಕ ಜಾಲ ಅನ್ನೋದು ಸರ್ಕಾರದ ಹಕ್ಕು. ಬೇರೆಯವರಿಗೆ ಬೇಕಂದ್ರೆ ಲೈಸೆನ್ಸ್. ವೈಫೈ ಓಡೋ ತರಂಗಕ್ಕೆ ವಿನಾಯಿತಿ ಇದೆ, 5ಜಿ ತರಂಗಕ್ಕೆ ಇಲ್ಲ.

2022ರ ಜೂನ್ 27ರಂದು ದೂರಸಂಪರ್ಕ ಇಲಾಖೆ ಇದಕ್ಕೆ ನಿಯಮ ಹೊರಡಿಸಿತು. ಕಂಪನಿಯೇ ಲೈಸೆನ್ಸ್ ತಗೋಬಹುದು: ಅರ್ಜಿಗೆ 50 ಸಾವಿರ ರೂಪಾಯಿ, ಅವಧಿ 10 ವರ್ಷ, ಪ್ರವೇಶ ಶುಲ್ಕ ಇಲ್ಲ, ವರ್ಷ ವರ್ಷದ ಲೈಸೆನ್ಸ್ ಶುಲ್ಕವೂ ಇಲ್ಲ. ಅಗ್ಗ ಅನ್ಸುತ್ತೆ ಅಲ್ವಾ? ಆದರೆ ಲೈಸೆನ್ಸ್ ಬೇರೆ, ತರಂಗ ಬೇರೆ. ತರಂಗವನ್ನ ಜಿಯೋ, ಏರ್‌ಟೆಲ್‌ನಂಥ ಆಪರೇಟರ್‌ನಿಂದ ಬಾಡಿಗೆಗೆ ತಗೋಬೇಕು, ಇಲ್ಲಾಂದ್ರೆ ಇಲಾಖೆಯಿಂದಲೇ ನೇರವಾಗಿ ಪಡೀಬೇಕು. ಇವೆರಡೂ ಬೇಡ ಅಂದ್ರೆ ಲೈಸೆನ್ಸ್ ಗೊಡವೆಯೇ ಇಲ್ಲದೆ ಆಪರೇಟರ್‌ಗೇ ಕೆಲಸ ಒಪ್ಪಿಸಬಹುದು. ಅವರು ನಿಮ್ಮ ಕಾಂಪೌಂಡಿಗೆ ಪ್ರತ್ಯೇಕ ಜಾಲ ಕಟ್ಟಿಕೊಡ್ತಾರೆ, ಅಥವಾ ಊರಿಗೆಲ್ಲ ಇರೋ ಜಾಲದಲ್ಲೇ ನಿಮಗೊಂದು ಪಾಲು ಮೀಸಲಿಡ್ತಾರೆ.

ನೇರವಾಗಿ ಪಡೆಯೋದು ಹೇಳಿದಷ್ಟು ಸುಲಭ ಅಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಇಲಾಖೆ ಯಾರಿಗೆ ಬೇಕು ಅಂತ ಬೇಡಿಕೆ ಕೇಳಿತು. ಷರತ್ತು, 100 ಕೋಟಿಗಿಂತ ಹೆಚ್ಚು ನಿವ್ವಳ ಆಸ್ತಿ. ಮಾಲೂರಿನ ಹೆಂಚಿನ ಕಾರ್ಖಾನೆಯವರು, ಶ್ರೀನಿವಾಸಪುರದ ಮಾವಿನ ಮಂಡಿಯವರು ಅಲ್ಲೇ ಹೊರಗೆ. ಟೆಲಿಕಾಂ ಕಂಪನಿಗಳೂ ತಕರಾರು ತೆಗೆದವು: ಕಾರ್ಖಾನೆಗಳಿಗೆ ನೇರವಾಗಿ ಕೊಟ್ಟರೆ ನಮ್ಮ 5ಜಿ ವ್ಯಾಪಾರದ ಗತಿ ಏನು ಅಂತ. ಜರ್ಮನಿ 2019ರಲ್ಲೇ ಕಂಪನಿಗಳಿಗೆ ಅವರವರ ಜಾಗಕ್ಕೆ ಮಾತ್ರ ತರಂಗ ಕೊಡೋಕೆ ಶುರು ಮಾಡಿತ್ತು, ಜಪಾನ್ ಕೂಡ. ನಮ್ಮಲ್ಲಿ ಎಳೆದಾಟ.

ಈ ಎಳೆದಾಟದಲ್ಲಿ ಒಂದು ಕಥೆ ಇದೆ. 2022ರ ಹರಾಜಿನಲ್ಲಿ ಅದಾನಿ ಗುಂಪು 212 ಕೋಟಿ ಕೊಟ್ಟು 26 ಗಿಗಾಹರ್ಟ್ಸ್‌ನಲ್ಲಿ 400 ಮೆಗಾಹರ್ಟ್ಸ್ ತರಂಗ ಕೊಂಡಿತು. ಅದರಲ್ಲಿ 50 ಕರ್ನಾಟಕದ್ದು. ಬಂದರು, ವಿಮಾನ ನಿಲ್ದಾಣಗಳಿಗೆ ತಮ್ಮದೇ ಜಾಲ ಅನ್ನೋ ಯೋಚನೆ. 2025ರ ಏಪ್ರಿಲ್‌ನಲ್ಲಿ ಆ ಅಷ್ಟೂ ತರಂಗವನ್ನ ಏರ್‌ಟೆಲ್‌ಗೆ ವಹಿಸೋ ಒಪ್ಪಂದ ಆಯ್ತು. ಅಷ್ಟು ದುಡ್ಡಿರೋರೇ ಮೂರು ವರ್ಷಕ್ಕೆ ಕೈ ಬಿಟ್ಟರು. ಅದೇ 2022ರ ಜುಲೈನಲ್ಲಿ ಬೆಂಗಳೂರಿನ ಬಾಷ್ ಆಟೋಮೋಟಿವ್ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಏರ್‌ಟೆಲ್ ಪ್ರಾಯೋಗಿಕ ತರಂಗದಲ್ಲಿ ಪ್ರೈವೇಟ್ 5ಜಿ ಓಡಿಸಿ, ದೇಶದಲ್ಲೇ ಮೊದಲು ಅಂತ ಹೇಳಿಕೊಂಡಿತು. 2024ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್, ಸಿ-ಡಾಕ್ ಜೊತೆ ಸೇರಿ ಗಣಿಗಳಿಗೆ ಪ್ರೈವೇಟ್ 5ಜಿ ಪ್ರಕಟಿಸಿತು. ಗಣಿ ಗಿರಾಕಿ, ಲೈನ್ ಸರ್ಕಾರಿ ಸಂಸ್ಥೆಯದ್ದು. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ನನ್ನ ಗೆಳೆಯ ಒಬ್ಬ ಈ ಕಡೆಯ ಒಂದು ಗೋದಾಮಿನಲ್ಲಿ ಐಟಿ ನೋಡ್ಕೊಳ್ತಾನೆ. ಕಬ್ಬಿಣದ ರ‍್ಯಾಕ್‌ಗಳ ಮಧ್ಯೆ ಸ್ಕ್ಯಾನರ್ ಸತ್ತು ಹೋಗುತ್ತೆ ಅಂತ ಮಾಲೀಕರು 5ಜಿ ಹಾಕ್ಸೋಣ ಅಂದ್ರಂತೆ. ಇವನು ಎರಡು ದಿನ ಒಳಗೆ ನಡೆದು ಎಲ್ಲಿ ಸಿಗ್ನಲ್ ಸಾಯುತ್ತೆ ಅಂತ ಬರ್ಕೊಂಡ. ವೈಫೈ ಪೆಟ್ಟಿಗೆಗಳನ್ನ ರ‍್ಯಾಕ್ ಸಾಲುಗಳಿಗೆ ನೇರವಾಗಿ ಸರಿಸಿದ. ಕೆಲಸ ಆಯ್ತು. ನನ್ನ ಪ್ರಕಾರ ಮೊದಲು ಮಾಡಬೇಕಾದ್ದು ಇದೇ: ಯಾವ ಕೆಲಸ ಎಲ್ಲಿ ನಿಲ್ತಿದೆ, ಒಂದು ಗಂಟೆ ನಿಂತ್ರೆ ಎಷ್ಟು ನಷ್ಟ ಅಂತ ಬರೆದಿಡೋದು. ಆ ಚೀಟಿ ಇಲ್ಲದೆ ಮಾರೋಕೆ ಬಂದವರ ಮುಂದೆ ಕೂತ್ರೆ ಅವರು ಹೇಳಿದ್ದೇ ಲೆಕ್ಕ. ನಿಜವಾಗ್ಲೂ ಬೇಕು ಅನ್ನಿಸಿದ್ರೆ ಒಂದೇ ಶೆಡ್ಡಿನಲ್ಲಿ, ಒಂದೇ ಕೆಲಸಕ್ಕೆ ಶುರು ಮಾಡಿ. ಹಳೇ ಸ್ಕ್ಯಾನರು, ಕ್ಯಾಮೆರಾಗಳಲ್ಲಿ 5ಜಿ ಸಿಮ್ ಹಾಕೋ ಜಾಗವೇ ಇರಲ್ಲ ಅನ್ನೋದು ಎಷ್ಟೋ ಜನಕ್ಕೆ ಆಮೇಲೆ ಗೊತ್ತಾಗುತ್ತೆ.

ಇನ್ನೊಂದು ಎಚ್ಚರಿಕೆಯೂ ಶಿವನಸಮುದ್ರದಿಂದಲೇ. ಅಲ್ಲಿ ಉತ್ಪಾದನೆ ಆಗ್ತಿದ್ದದ್ದು 25 ಸೈಕಲ್ ಕರೆಂಟು. ಇವತ್ತು ನಿಮ್ಮ ಮನೆಗೆ ಬರೋದು 50. ಇವೆರಡನ್ನೂ ಸುಮ್ನೆ ಒಂದಕ್ಕೊಂದು ಗಂಟು ಹಾಕೋಕೆ ಆಗಲ್ಲ, ಮಧ್ಯೆ ಬದಲಾಯಿಸೋ ಯಂತ್ರ ಬೇಕು. 1902ರಲ್ಲಿ 25 ಆರಿಸಿದ್ದು ತಪ್ಪಲ್ಲ, ಆಗ ಅದೇ ನಡೀತಿತ್ತು. ಆದರೆ ಮೊದಲು ಆರಿಸಿದ್ದು ಬೇಗ ಬಿಟ್ಟು ಹೋಗಲ್ಲ. ಹಾಗಾಗಿ ಸಹಿ ಹಾಕೋ ಮುಂಚೆ ಕೇಳಿ: ನಾಳೆ ಬೇರೆ ಕಂಪನಿಯ ರೇಡಿಯೋ ತಂದ್ರೆ ಈ ಸರ್ವರ್ ಅದನ್ನ ಒಪ್ಕೊಳ್ಳುತ್ತಾ? ಒಪ್ಪಂದ ಮುಗಿದ ದಿನ ಸಿಮ್ಮು, ಮಾಹಿತಿ ಯಾರ ಕೈಯಲ್ಲಿರುತ್ತೆ?

ತಾತನ ಮಾತಿಗೆ ಬರ್ತೀನಿ ಅಂದಿದ್ದೆ. 2022ರ ನಿಯಮದ ಪ್ರಕಾರ ಕಂಪನಿ ಲೈಸೆನ್ಸ್ ತಗೊಂಡು ಕಟ್ಟೋ ಜಾಲ ಅದರ ಸ್ವಂತ ಬಳಕೆಗೆ ಮಾತ್ರ. ಸಾರ್ವಜನಿಕ ಜಾಲಕ್ಕೆ ಅದನ್ನ ಜೋಡಿಸೋ ಹಾಗಿಲ್ಲ. ಅಂದ್ರೆ ಕಾರ್ಖಾನೆ ಗೋಡೆಯೊಳಗೆ ಗಾಡಿಗಳು ತಾವಾಗೇ ಓಡ್ತಿದ್ರೂ, ಗೋಡೆ ಪಕ್ಕದ ಹಳ್ಳಿ ಹುಡುಗಿ ಆನ್‌ಲೈನ್ ಕ್ಲಾಸಿಗೆ ಆ ಟವರನ್ನ ಬಳಸೋಕೆ ಆಗಲ್ಲ. ಭದ್ರತೆ ದೃಷ್ಟಿಯಿಂದ ಅದಕ್ಕೆ ಕಾರಣ ಇದೆ, ಒಪ್ತೀನಿ. ಆದರೆ ಆಪರೇಟರ್ ಬಂದು ಕಟ್ಟೋ ದಾರಿ ಹಿಡಿದ್ರೆ, ಕಾರ್ಖಾನೆಗೆ ಅಂತ ಎಳೆದ ಫೈಬರು ದಾರಿಯಲ್ಲಿರೋ ಊರಿನ ಟವರಿಗೂ ಸಿಗೋ ಅವಕಾಶ ಇರುತ್ತೆ, 1905ರಲ್ಲಿ ಬೆಂಗಳೂರಿಗೆ ಸಿಕ್ಕ ಹಾಗೆ. ಜಮೀನು, ನೀರು, ರಸ್ತೆ ಕೊಡೋವಾಗ ಇದನ್ನೂ ಕೇಳಬಹುದು. ನಮ್ಮ ಪಂಚಾಯಿತಿಗಳಲ್ಲಿ ಯಾರಾದರೂ ಕೇಳಿದ್ದನ್ನ ನಾನಂತೂ ಕಂಡಿಲ್ಲ.

ನಿಮ್ಮ ಊರಲ್ಲಿ ಕೇಳಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಹಾಕ್ತೀನಿ.